ಮಲ್ಲಿಕಾರ್ಜುನಯ್ಯ ಎಣಿಸಿದ ತೂತುಗಳು

ನಮ್ಮ ತಿಪಟೂರಿನ ಕಾಲೇಜಿನ ಲ್ಯಾಬ್ ಅಟೆಂಡರ್ ಬಿಳಿಗೆರೆಯ ಮಲ್ಲಿಕಾರ್ಜುನಯ್ಯನವರು. ಈ ಕೆಲಸಕ್ಕೆ ಸೇರುವ ಮೊದಲು ಇಪ್ಪತ್ತು ವರ್ಷ ತೋಟ ತೋಟ ತಿರುಗಿ ತೆಂಗಿನಕಾಯಿ ಎಣಿಸಿದವರು. ಅವರು ಎಣಿಸಿದ ರಾಶಿಯನ್ನು ಮತ್ತೊಬ್ಬರು ಎಣಿಸಿ ನೋಡಿದ್ದೇ ಇಲ್ಲವಂತೆ. ಆ ಜಂಬ ಇನ್ನೂ ಹೋಗಿಲ್ಲ. ನನಗೋ ಆ ಜಂಬದ ಮೇಲೇ ಪ್ರೀತಿ.

ನಾನು ಪಾಠ ಮಾಡುವುದು ಸೂಕ್ಷ್ಮಜೀವಿಗಳ ಬಗ್ಗೆ. ಬ್ಯಾಕ್ಟೀರಿಯಾ ತಿನ್ನುವ ವೈರಸ್ಸನ್ನು ನೇರವಾಗಿ ಎಣಿಸಲಾಗುವುದಿಲ್ಲ. ಅದಕ್ಕೇ ದ್ರಾವಣವನ್ನು ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು, ಹೀಗೆ ಆರು ಸಲ ತೆಳುಮಾಡಿ, ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗವನ್ನು ಬ್ಯಾಕ್ಟೀರಿಯಾ ಬೆಳೆಯುವ ಪ್ಲೇಟಿಗೆ ಹಾಕುತ್ತೇವೆ. ಮಾರನೇ ದಿನ ಒಂದೊಂದು ವೈರಸ್ ಬಿದ್ದಲ್ಲಿ ಬ್ಯಾಕ್ಟೀರಿಯಾದ ಪದರದಲ್ಲಿ ಒಂದೊಂದು ತೂತು. ಒಂದು ತೂತಿಗೆ, ಮೂಲ ದ್ರಾವಣದ ಮಿಲಿಲೀಟರಿನಲ್ಲಿ ಒಂದು ಕೋಟಿ ವೈರಸ್ ಎಂದು ಲೆಕ್ಕ. ನಾಲ್ಕು ತೂತು ತಪ್ಪಿದರೆ ನಾಲ್ಕು ಕೋಟಿ!

ಟೈಲರ್ ನಿಜಾಮುದ್ದೀನರ ಮಗಳು ತರನ್ನುಮ್‌ಳ ಕೊನೇ ವರ್ಷದ ಪ್ರಾಜೆಕ್ಟ್ ಇದೇ. ಅವಳ ಮೂರು ಪ್ಲೇಟಿನ ಎಣಿಕೆ ತೊಂಬತ್ತಾರು, ನೂರಹನ್ನೆರಡು, ನೂರೊಂಬತ್ತು. ಅವಳ ಅಂಕಿ ತೋರಿಸದೆ ಮಲ್ಲಿಕಾರ್ಜುನಯ್ಯನವರ ಕೈಲೂ ಎಣಿಕೆ ಮಾಡಿಸಿದೆ. ತೊಂಬತ್ತಾರು, ನೂರೆಂಟು, ನೂರೈದು. ನನಗೆ ರೇಗಿಹೋಯಿತು. ಮಲ್ಲಿಕಾರ್ಜುನಯ್ಯ ತಪ್ಪುವುದುಂಟೇ?

"ಮನೇಲಿ ಕೂತು ಅಂಕಿ ಬರ್ಕೊಂಡು ಬಂದ್ಯಾ? ಈ ಪ್ರಾಜೆಕ್ಟಿಗೆ ನಾನು ಸಹಿ ಹಾಕಲ್ಲ!" ಎಂದು ಇಡೀ ತರಗತಿಯ ಎದುರು ಕೂಗಾಡಿದೆ. ಸಹಿಯಿಲ್ಲದಿದ್ದರೆ ಅವಳಿಗೆ ಒಂದು ವರ್ಷವೇ ಹೋಗುತ್ತದೆ.

"ಇಲ್ಲ ಮೇಡಂ, ಮೂರ್ ಸಲ ಎಣ್ಸಿದೀನಿ" ಎಂದು ಹುಡುಗಿ ಗಳಗಳನೆ ಅತ್ತಳು. ಬೆಲ್ ಹೊಡೆಯಿತು, ಉಳಿದವರು ಹೊರಗೆ ಹೋದರು.

"ತಡೀರಿ ಮೇಡಂ" ಎಂದು ಮಲ್ಲಿಕಾರ್ಜುನಯ್ಯ ಪೆನ್ನು ಹಿಡಿದು, ಅವಳ ನೂರಹನ್ನೆರಡರ ಪ್ಲೇಟನ್ನು ಗಟ್ಟಿಯಾಗಿ ಮತ್ತೆ ಎಣಿಸತೊಡಗಿದರು. ನೂರು ಎಂದವರೇ ನಾಲ್ಕು ತೂತು ದಾಟಿ ನೂರೊಂದು ಎಂದರು. ಅಲ್ಲೇ ಕೈ ನಿಂತಿತು.

"ಅಯ್ಯೋ ಶಿವನೇ! ಕೊಸ್ರು ಬುಟ್ಬುಟ್ಟೆ ಕಣ್ರೀ!"

"ಏನು ಕೊಸರು?"

"ತೋಟದಾಗೆ ನೂರ್ ಕಾಯ್ಗೆ ನಾಕು ಯಾಪಾರಿಗೆ ಕೊಸ್ರು ಕೊಡ್ತೀವಲ್ಲ, ಅದ್ನ ಎಣಿಕೇಗೆ ಸೇರ್ಸಾಕಿಲ್ಲ. ಕೈ ಅಂಗೇ ಓಡ್ಬುಡ್ತು."

ತೊಂಬತ್ತಾರರ ಪ್ಲೇಟು ನೂರು ಮುಟ್ಟಿರಲಿಲ್ಲ, ಅದಕ್ಕೇ ತಾಳೆಯಾಗಿತ್ತು! ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ರಿಜಿಸ್ಟರ್ ಎಳೆದುಕೊಂಡು 'ನನ್ನ ಎಣಿಕೆ ತಪ್ಪು, ಹುಡುಗಿಯದು ಸರಿ' ಎಂದು ದಪ್ಪಗೆ ಬರೆದು ಸಹಿ ಹಾಕಿದರು.

"ಇರ್ಲಿ ಬಿಡಿ, ಅಷ್ಟೆಲ್ಲ ಯಾಕೆ?" ಎಂದೆ.

"ನಂದು ಮುಗೀತು. ನೀವು ಬೈದಿದ್ದು ಎಲ್ರ ಮುಂದೆ ಅಲ್ವಾ ಮೇಡಂ?"

ನನ್ನ ನಗು ನಿಂತುಹೋಯಿತು. ಎದ್ದು ಹೋಗಿ, ಕಾರಿಡಾರಿನಲ್ಲಿದ್ದ ಹುಡುಗರನ್ನೆಲ್ಲ ಒಳಗೆ ಕರೆದೆ. ಅವರೆದುರೇ ತರನ್ನುಮ್‌ಳ ಕ್ಷಮೆ ಕೇಳಿದೆ.