ಮಂಜಣ್ಣನ ಬಸ್ಸೂ ನಮ್ಮ ಅಚಲ ಬೆಂಬಲವೂ

ಪತ್ರಿಕೆಯ ವಿದೇಶ ಸುದ್ದಿಯ ಪುಟವನ್ನು ನಾನು ಓದುವ ಕ್ರಮವೇ ಬೇರೆ. ಎಲ್ಲೋ ಒಂದು ದೇಶ ವರ್ಷಗಟ್ಟಲೆ ಯುದ್ಧದಲ್ಲಿ ಸಿಕ್ಕಿಬಿದ್ದು ಒದ್ದಾಡುತ್ತಿದ್ದರೆ, ಅದರ ಸೈನ್ಯ ಎಷ್ಟು ಮುಂದೆ ಹೋಯಿತು, ಎಷ್ಟು ಹಿಂದೆ ಬಂತು ಎಂದು ನಾನು ನೋಡುವುದಿಲ್ಲ. ಅದರ ಮಿತ್ರರು ಏನು ಹೇಳಿಕೆ ಕೊಟ್ಟರು ಎಂದು ನೋಡುತ್ತೇನೆ. ಮೊದಲು "ಕೊನೆಯವರೆಗೂ ಜೊತೆಗಿದ್ದೇವೆ" ಎಂದಿರುತ್ತದೆ. ಆಮೇಲೆ ಅದು "ಸಾಧ್ಯವಿರುವಷ್ಟು ಕಾಲ" ಎಂದಾಗುತ್ತದೆ. ಅದರ ಬೆನ್ನಿಗೇ "ಉಭಯ ಪಕ್ಷಗಳೂ ಸಂಯಮ ತೋರಬೇಕು" ಎಂದು ಬಂತೋ, ನಾನು ಕನ್ನಡಕ ತೆಗೆದಿಟ್ಟು, "ಮುಗೀತು, ಇವರೂ ಹೆಂಚಿನ ಕಾರ್ಖಾನೆಯ ಗೇಟಿಗೆ ಬಂದ್ರು" ಎಂದು ಮನೆಯವಳಿಗೆ ಘೋಷಿಸುತ್ತೇನೆ. ಈ ವಿಷಯದಲ್ಲಿ ನನ್ನ ಮಾತು ಈವರೆಗೆ ಸುಳ್ಳಾದದ್ದಿಲ್ಲ. ಇದಕ್ಕೆ ನಾನು ಓದಿದ ರಾಜ್ಯಶಾಸ್ತ್ರ ಕಾರಣವಲ್ಲ. ಕುಂದಾಪುರದಿಂದ ಕೆರಾಡಿಗೆ ಹೋಗುತ್ತಿದ್ದ ಮಂಜಣ್ಣನ ಬಸ್ಸು ಕಾರಣ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮನೆ ಕುಂದಾಪುರದಲ್ಲಿ, ಮಾಸ್ತರಿಕೆ ಕೆರಾಡಿ ದಾರಿಯ ನಡುವಿನ ಒಂದು ಪೇಟೆಯ ಹೈಸ್ಕೂಲಿನಲ್ಲಿ. ಅದೇ ಪೇಟೆಯ ಬ್ಯಾಂಕಿನಲ್ಲಿ ನೌಕರಿಗಿದ್ದ ಪ್ರಭುಗಳೂ, ಇನ್ನೂ ಹಲವು ಸರಕಾರಿ ಮಂದಿಯೂ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಲೆತು ಮಂಜಣ್ಣನ ಬಸ್ಸು ಹತ್ತುವುದು ರೂಢಿ. ಮಂಜಣ್ಣ ಮುಂಬೈಯ ಹೋಟೆಲಿನಲ್ಲಿ ದುಡಿದು ಬಂದು ಹಳೆಯ ಬಸ್ಸೊಂದನ್ನು ಕೊಂಡವನು. ಮಾಲಕನೂ ಅವನೇ, ಕಂಡಕ್ಟರೂ ಅವನೇ. ಶಾಲೆಯಿದ್ದ ಆ ಪೇಟೆ ದಾಟಿ ಕಾಡಿನ ಅಂಚಿನ ಕೆರಾಡಿಯವರೆಗೆ ಆ ಹೊತ್ತಿಗೆ ಹೋಗುವುದು ಅವನದೊಂದೇ ಬಸ್ಸು. ಹಿಂದಿನ ಬಾಗಿಲಲ್ಲಿ ಜಲಜಕ್ಕ ಮೀನಿನ ಬುಟ್ಟಿಯೊಂದಿಗೆ ಹತ್ತುತ್ತಿದ್ದಳು. ಆ ಕಡೆಯ ಮನೆಗಳಲ್ಲಿ ಮಧ್ಯಾಹ್ನದ ಪದಾರ್ಥ ಏನೆಂಬುದನ್ನು ನಿರ್ಧರಿಸುವವಳು ಅವಳೇ.

ಹೀಗಿರಲು ದೊಡ್ಡ ಕಂಪೆನಿಯೊಂದು ಮಂಜಣ್ಣನ ಟೈಮಿಗಿಂತ ಎರಡು ನಿಮಿಷ ಮುಂಚೆ ಹೊಸ ಬಸ್ಸು ಬಿಟ್ಟಿತು. ಎರಡು ನಿಮಿಷ ಮುಂಚೆ ಹೊರಟವನು ದಾರಿಯ ಜನರನ್ನೆಲ್ಲ ಬಾಚಿಕೊಳ್ಳುತ್ತಾನೆ; ನಮ್ಮ ಜಿಲ್ಲೆಯಲ್ಲಿ ಅದು ಯುದ್ಧಘೋಷಣೆ. ಹೊಸ ಬಸ್ಸಿನಲ್ಲಿ ಮೆತ್ತನೆಯ ಸೀಟು, ವಿಡಿಯೋ, ಗಂಧದ ಕಡ್ಡಿ. ಮೀನಿನ ಬುಟ್ಟಿಗೆ ಪ್ರವೇಶವಿಲ್ಲ. ಅದು ಶಾಲೆಯ ಪೇಟೆಯವರೆಗೆ ಹೋಗಿ, ಜನ ಇಳಿಸಿ, ಮುಂದಿನ ಹೊಂಡದ ರಸ್ತೆಯನ್ನು ಮಂಜಣ್ಣನಿಗೆ ಬಿಟ್ಟು ತಿರುಗುತ್ತಿತ್ತು. ಪೇಟೆಯವರೆಗಿನ ಜನ ಕೈಬಿಟ್ಟರೆ ಕೆರಾಡಿಯ ನಾಲ್ಕು ಮಂದಿಯನ್ನು ನಂಬಿ ಬಸ್ಸು ಓಡದು. ಮಂಜಣ್ಣ ಬಸ್ಸು ಮಾರಬೇಕು, ಕೆರಾಡಿಯವರು ನಡೆಯಬೇಕು.

ನಾವು ಸುಮ್ಮನಿರುವವರೇ? ಬಸ್‌ಸ್ಟ್ಯಾಂಡಿನಲ್ಲೇ ಸಭೆ ಸೇರಿತು. ಮಂಜಣ್ಣನ ಬಸ್ಸಿಗೆ ಮಾಲೆ ಹಾಕಿದೆವು. ಪ್ರಭುಗಳು ಮೆಟ್ಟಿಲ ಮೇಲೆ ನಿಂತು, "ಮಂಜಣ್ಣ, ನೀ ಹೆದ್ರ್‌ಬೇಡ. ನಾವೆಲ್ಲ ನಿನ್ನೊಟ್ಟಿಗ್ ಇದ್ದೊ. ಆ ಬಸ್ಸಿಗ್ ನಾವ್ ಕಾಲ್ ಇಟ್ರೆ ಮತ್ತ್ ಕೇಣ್" ಎಂದರು. ನಾನೂ ಎರಡು ಮಾತಾಡಿದೆ. ಹಳೆಯ ರಾಜನೀತಿಯಲ್ಲಿ ರಾಜ್ಯಕ್ಕೆ ಏಳು ಅಂಗಗಳು, ಏಳನೆಯದು ಮಿತ್ರ ಎಂದು ಹೇಳಿ, ಒಂದೊಂದನ್ನೇ ವಿವರಿಸತೊಡಗಿದೆ. ಮಿತ್ರನನ್ನು ಕಟ್ಟಕಡೆಗೆ ಇಟ್ಟದ್ದು ಏಕೆಂದು ಆಗ ನನಗೆ ಹೊಳೆದಿರಲಿಲ್ಲ. ಐದನೆಯ ಅಂಗಕ್ಕೆ ಬರುವಷ್ಟರಲ್ಲೇ ಹಿಂದಿನಿಂದ ಜಲಜಕ್ಕ, "ಮಾಷ್ಟ್ರೇ, ಬೇಗ ಮುಗ್ಸಿ ಕಾಂಬ, ನನ್ ಬಂಗ್ಡೆ ಹಾಳಾತ್ತ್" ಎಂದಳು.

ಮೊದಮೊದಲು ನಮ್ಮ ನಿಷ್ಠೆ ನೋಡುವಂತಿತ್ತು. ಶತ್ರುವಿನ ಕಂಡಕ್ಟರ್ "ಬನ್ನಿ ಸರ್, ಸೀಟಿತ್ತ್" ಎಂದರೆ ನಾವು ಆಕಾಶ ನೋಡುತ್ತಿದ್ದೆವು. ಮಳೆಗಾಲ ಬಂತು. ಮಂಜಣ್ಣನ ಬಸ್ಸು ಸೋರಿತು. ಒಳಗೇ ಕೊಡೆ ಬಿಡಿಸಿ ಕುಳಿತು ಹೋರಾಟ ಮುಂದುವರಿಸಿದೆವು. ಆದರೆ ಕೊಡೆಯ ಕೆಳಗೆ ಕುಳಿತವನಿಗೆ ಯೋಚನೆಗಳು ಬರುತ್ತವೆ. ಪ್ರಭುಗಳು ಮೊದಲು ಬಾಯಿಬಿಟ್ಟರು: "ಮಂಜಣ್ಣಂದೂ ಒಂಚೂರ್ ಹಟ ಜಾಸ್ತಿ ಆಯ್ತ್ ಮಾಷ್ಟ್ರೇ. ಟೈಮ್ ಬದಲ್ಸಿ ರಾಜಿ ಮಾಡ್ಕಂಬ್ಕಾಗ್ದಾ?" ನಾನೂ ಗಂಭೀರವಾಗಿ ತಲೆದೂಗಿದೆ. ಮಿತ್ರನಿಗೆ ದೂರದೃಷ್ಟಿ ಸಾಲದೆಂದು ಒಂದು ವಾರ ಚರ್ಚೆಯಾಯಿತು. ಮರುವಾರ ಮೀನಿನ ವಾಸನೆ ಪತ್ತೆಯಾಯಿತು. ವರ್ಷಗಳಿಂದ ಅದೇ ಬುಟ್ಟಿ ಅಲ್ಲೇ ಇತ್ತು. ಆದರೆ ಯುದ್ಧ ಉದ್ದವಾದಾಗ ಮೂಗು ಚುರುಕಾಗುತ್ತದೆ.

ಯಕ್ಷಗಾನದಲ್ಲಿ ಸಹಾಯಕ್ಕೆಂದು ಬರುವ ಅರಸನನ್ನು ನೀವು ನೋಡಿರಬಹುದು. ಚೆಂಡೆಯ ಅಬ್ಬರದಲ್ಲಿ ಒಡ್ಡೋಲಗ ಕೊಟ್ಟು, ಕುಣಿದು, ಮೀಸೆ ತಿರುವಿ, ಭೂಮಿ ಅದುರಿಸುತ್ತಾನೆ. ಯುದ್ಧದ ಪದ್ಯ ಶುರುವಾಗುವ ಹೊತ್ತಿಗೆ ರಂಗದ ಹಿಂದಿನ ಚೌಕಿಯಲ್ಲಿ ಬಣ್ಣ ತೆಗೆದು ಚಹಾ ಕುಡಿಯುತ್ತಿರುತ್ತಾನೆ. ಪಾತ್ರ ಮುಗಿದಿದೆ, ಅವನ ತಪ್ಪೇನೂ ಇಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಸಂಖ್ಯೆ ಕರಗತೊಡಗಿತು. ಪ್ರಭುಗಳಿಗೆ ಡಾಕ್ಟರು ಬೆಳಗಿನ ನಡಿಗೆ ಹೇಳಿದರಂತೆ. ಅದೇ ವಾರ ನನಗೂ ನಡೆದರೆ ಒಳ್ಳೆಯದೆನ್ನಿಸಿತು. ಒಂದು ಬೆಳಿಗ್ಗೆ ಹಾಗೇ ನಡೆಯುತ್ತ, ಮಂಜಣ್ಣ ನಿಲ್ಲಿಸದ ಮುಂದಿನ ಸ್ಟಾಪಿಗೆ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಗೇಟಿಗೆ ತಲುಪಿದೆ. ಅಲ್ಲಿ ಪ್ರಭುಗಳಿದ್ದರು. ಪೋಸ್ಟ್ ಆಫೀಸಿನವರಿದ್ದರು. ಮಾಲೆ ತಂದವರೂ ಇದ್ದರು. ಮಿತ್ರರಾಷ್ಟ್ರಗಳ ಸಂಪೂರ್ಣ ಅಧಿವೇಶನ! ಮಳೆಯ ಬಗ್ಗೆ ಮಾತಾಡಿದೆವು. ದೊಡ್ಡ ಕಂಪೆನಿಯ ಬಸ್ಸು ಬಂತು, ಹತ್ತಿದೆವು. ಮಂಜಣ್ಣನಿಗೆ ನಮ್ಮ ಬೆಂಬಲ ಮಾತ್ರ ಅಚಲವಾಗಿತ್ತು. ಅದನ್ನು ಮೆತ್ತನೆಯ ಸೀಟಿನಲ್ಲಿ ಕುಳಿತು ದಿನವೂ ಪುನರುಚ್ಚರಿಸುತ್ತಿದ್ದೆವು.

ಹೀಗೇ ನಡೆದಿರುವಾಗ ಒಂದು ದಿನ ಹೊಸ ಬಸ್ಸು ಎಲ್ಲೋ ಪಂಕ್ಚರಾಗಿ ಬರಲಿಲ್ಲ. ಬಂದದ್ದು ಮಂಜಣ್ಣನ ಬಸ್ಸು. ಗೇಟಿನೆದುರು ಸಾಲಾಗಿ ನಿಂತ ನಮ್ಮನ್ನು ಕಂಡು ಅದು ನಿಂತೇಬಿಟ್ಟಿತು. ಪ್ರಭುಗಳು ಕಾರ್ಖಾನೆಯ ತುಕ್ಕು ಹಿಡಿದ ಬೀಗವನ್ನು ಪರೀಕ್ಷಿಸತೊಡಗಿದರು. ಮಂಜಣ್ಣ ಬಾಗಿಲಲ್ಲಿ ಬಗ್ಗಿ ನೋಡಿ, "ಹ್ವಾಯ್, ನೀವೆಲ್ಲ ಇಲ್ಲಿದ್ರ್ಯಾ! ನಾ ಅಲ್ಲಿ ದಿನಾ ಕಾದ್ ನಿಂತ್ಕಂಡಿದ್ದೆ, ಹುಶಾರಿಲ್ಯಾ ಏನೋ ಅಂದ್ಕಂಡ್" ಎಂದ. ಅದರಲ್ಲಿ ಕೊಂಕು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊಂಕು ಹಿಂದಿನ ಬಾಗಿಲಿನಿಂದ ಬಂತು. "ಹುಶಾರಿತ್ತ್ ಮಂಜಣ್ಣ, ಅವ್ರಿಗೆಂತ ಆಯ್ಲಿಲ್ಲೆ" ಎಂದಳು ಜಲಜಕ್ಕ. "ಬೆಂಬ್ಲ ದೂರದಿಂದ ಕೊಟ್ರೆ ಜೋರ್ ತಾಗತ್ತಂಬ್ರ್, ಅದ್ಕೆ ಇಲ್ಲಿ ಬಂದ್ ನಿಂತದ್."

ಬಸ್ಸಿಗೆ ಬಸ್ಸೇ ನಕ್ಕಿತು. ನಾವು ಹತ್ತಿದೆವು. ಟಿಕೆಟು ಹರಿದು ಕೊಡುತ್ತ ಮಂಜಣ್ಣ, "ನಾಳೆಯಿಂದ ಇಲ್ಲೂ ನಿಲ್ಸ್ತೆ. ಮಳೆಗೆ ಅಲ್ಲಿಗಂಟ ನಡೂದ್ ಬ್ಯಾಡ ನಿಮ್ಗೆ" ಎಂದ. ಮರುದಿನ ನಿಲ್ಲಿಸಿಯೂ ನಿಲ್ಲಿಸಿದ. ಅವನು ಬೈದಿದ್ದರೆ ನಾವು ಸುಖವಾಗಿ ಶತ್ರುವಿನ ಬಸ್ಸಿನಲ್ಲೇ ಹೋಗಬಹುದಿತ್ತು. ಈ ಉಪಚಾರದ ಎದುರು ಯಾವ ನೆಪವೂ ನಿಲ್ಲಲಿಲ್ಲ. ಕೆಲವರು ದಿನವೂ, ಕೆಲವರು ನಾಚಿಕೆಯಾದ ದಿನ, ಮತ್ತೆ ಅವನ ಬಸ್ಸನ್ನೇ ಹತ್ತಿದೆವು. ಇನ್ನು ಕೆರಾಡಿಯವರು. ಅವರು ಮಾಲೆ ಹಾಕಿದವರಲ್ಲ, ಭಾಷಣ ಮಾಡಿದವರಲ್ಲ. ಅವರಿಗೆ ಇನ್ನೊಂದು ಬಸ್ಸಿರಲಿಲ್ಲ, ಆದ್ದರಿಂದ ಒಂದು ದಿನವೂ ತಪ್ಪದೆ ಹತ್ತಿದರು. ಇಷ್ಟರಿಂದಲೇ ಬಸ್ಸು ಹೇಗೋ ಜೀವ ಹಿಡಿದುಕೊಂಡಿತು.

ಕೊನೆಗೆ ಕಂಪೆನಿಗೇ ಬೇಸರ ಬಂತೋ, ಲಾಭ ಬೇರೆಡೆ ಕಂಡಿತೋ, ತನ್ನ ಬಸ್ಸನ್ನು ಹೈವೇಗೆ ಎಳೆದು ಬೈಂದೂರಿಗೆ ಓಡಿಸತೊಡಗಿತು. "ಕಂಡ್ರ್ಯಾ ಮಾಷ್ಟ್ರೇ, ಗೆದ್ದೊ ನಾವ್!" ಎಂದರು ಪ್ರಭುಗಳು. ನಾನು ಅವರ ಕೈ ಕುಲುಕಿದೆ. ಗೆಲುವನ್ನು ಹಂಚಿಕೊಳ್ಳುವಾಗ ಮಿತ್ರರಾಷ್ಟ್ರಗಳಲ್ಲಿ ಭಿನ್ನಾಭಿಪ್ರಾಯ ಇರಬಾರದು.

ನಿವೃತ್ತನಾಗಿ ವರ್ಷಗಳಾದ ಮೇಲೆ, ಮೊನ್ನೆ ಕೆರಾಡಿಯಲ್ಲಿ ಹಳೆಯ ಶಿಷ್ಯನ ಮದುವೆಯೂಟಕ್ಕೆಂದು ಇಸ್ತ್ರಿಯ ಬಿಳಿ ಪಂಚೆ ಉಟ್ಟು ಹೊರಟೆ. ಬಸ್ಸು ಬೇರೆ, ಮಂಜಣ್ಣ ಅವನೇ, ತಲೆ ನೆರೆತಿದೆ. ಜಾಗವಿದ್ದದ್ದು ಹಿಂದೆ, ಜಲಜಕ್ಕನ ಪಕ್ಕದಲ್ಲಿ.

"ಮಾಷ್ಟ್ರೇ, ಈ ರೂಟಿಗೆ ಮತ್ತೊಂದ್ ಹೊಸ ಬಸ್ ಬತ್ತಂಬ್ರ್" ಎಂದಳು. "ಎಸಿಯಂಬ್ರ್. ಮಂಜಣ್ಣಂಗೆ ರಾತ್ರಿ ನಿದ್ರಿ ಇಲ್ಲೆ. ಈ ಸಲ ನೀವ್ ಯಾರ್ ಬದಿಗೆ?"

ನಾನು ಗಂಟಲು ಸರಿಮಾಡಿಕೊಂಡು, "ಮಂಜಣ್ಣನ ಬದಿಗೇ. ಅದ್ರಲ್ಲೆಂತ ಸಂಶಯ?" ಎಂದೆ.

"ಹಾಂಗಾರೆ ಇದ್ನೊಂಚೂರ್ ಹಿಡ್ಕಣಿ" ಎಂದು ಬುಟ್ಟಿ ಎತ್ತಿ ನನ್ನ ಮಡಿಲಲ್ಲಿಟ್ಟಳು.

ಮೊದಲ ತಿರುವಿಗೇ ಬುಟ್ಟಿ ವಾಲಿತು. ಪಂಚೆಯ ಮೇಲೆ ತಣ್ಣಗೆ ಏನೋ ಇಳಿಯತೊಡಗಿತು. ನಾನು ಬಿಡಲಿಲ್ಲ, ಎರಡೂ ಕೈಯಲ್ಲಿ ಅವುಚಿಕೊಂಡೆ. ಕೆರಾಡಿ ಇನ್ನೂ ಬಹಳ ದೂರವಿತ್ತು.