ಎಂಟನೆಯ ಕೇರಿಗೆ ಮೊದಲ ನೀರು

ಹೋದ ತಿಂಗಳು ತಿ. ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತೂಕಡಿಸುತ್ತಿದ್ದೆ. ಎಲ್ಲೋ ಒಂದು ಕಡೆ ನಾಲೆಗೆ ಆಗಷ್ಟೇ ನೀರು ಬಿಟ್ಟಿದ್ದರು. ಬಿರುಕು ಬಿಟ್ಟ ಮಣ್ಣು ಮೊದಲ ನೀರು ಕುಡಿಯುವಾಗ ಏಳುವ ವಾಸನೆ ಇದೆಯಲ್ಲ, ಮಳೆಯ ವಾಸನೆಯಲ್ಲ ಅದು. ಒಣಹುಲ್ಲು, ಸಗಣಿ, ಸತ್ತ ಏಡಿ ಎಲ್ಲ ಸೇರಿದ್ದು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕತ್ತು ಆಚೆ ಹಾಕಿದೆ. ನಾನು ಮೊದಲು ಕೆಲಸಕ್ಕೆ ಸೇರಿದ ಊರಿನ ನೀರುಗಂಟಿ ತಾತನ ಮೈಯಿಂದ ಬರುತ್ತಿದ್ದದ್ದು ಇದೇ ವಾಸನೆ...

ಹೆಡತಲೆಯಿಂದ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲಿಗೆ ನಾನು ವಿಜ್ಞಾನದ ಮೇಡಂ ಆಗಿ ಹೋದಾಗ ನನಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಎಂ.ಎಸ್ಸಿ. ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ತಾತ ಆ ಊರಿನ ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸುತ್ತಿದ್ದರು. ಅದಕ್ಕೆ ಊರವರು ಸುಗ್ಗಿಯಲ್ಲಿ ಮನೆಗಿಷ್ಟು ಅಂತ ಭತ್ತ ಕೊಡುತ್ತಿದ್ದರು. ಅವರ ಮೊಮ್ಮಗಳು ನನ್ನ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಸಂಜೆ ಅವಳನ್ನು ಕರೆದೊಯ್ಯಲು ಬಂದು, ಹೊಂಗೆ ಮರದ ಕೆಳಗೆ ಗುದ್ದಲಿ ಒರಗಿಸಿಕೊಂಡು ಕೂರುತ್ತಿದ್ದರು. ಮಾತು ಕಡಿಮೆ.

ಆ ವರ್ಷ ತಾಲ್ಲೂಕಿನ ವಿಜ್ಞಾನ ನಾಟಕದ ಸ್ಪರ್ಧೆಗೆ ನಾನೇ ಒಂದು ನಾಟಕ ಬರೆದೆ. ಭೂಮಿಯಿಂದ ಹೊರಟ ಒಂದು ದೊಡ್ಡ ನೌಕೆ. ಇನ್ನೊಂದು ನಕ್ಷತ್ರ ಮುಟ್ಟಲು ಇನ್ನೂರು ವರ್ಷ ಬೇಕು. ಹತ್ತಿದವರು ದಾರಿಯಲ್ಲೇ ಸಾಯುತ್ತಾರೆ, ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಳಿಯುತ್ತಾರೆ. ನಡುವೆ ಹುಟ್ಟಿದವರಿಗೆ ಆ ನೌಕೆಯೇ ಊರು. ಮಕ್ಕಳಿಗೆ ಅರ್ಥವಾಗಲಿ ಅಂತ ಅದರಲ್ಲಿ ಎಂಟು ಕೇರಿ ಮಾಡಿದ್ದೆ. ಅರ್ಧ ದಾರಿಯಲ್ಲಿ ನೀರು ಶುದ್ಧ ಮಾಡುವ ಯಂತ್ರ ಸೋಲುತ್ತದೆ, ಇದ್ದಬದ್ದ ನೀರು ಎಂಟು ಕೇರಿಗೆ ಸಾಲದು. ಆಗ ಕ್ಯಾಪ್ಟನ್ ಕಣ್ಣೀರು ಹಾಕುತ್ತಾ ಎಂಟನೆಯ ಕೇರಿಯ ನೀರಿನ ಕೀಲಿ ತಿರುಗಿಸಿ ನೀರು ನಿಲ್ಲಿಸುತ್ತಾನೆ. ಆ ಕೇರಿ ಸಾಯುತ್ತದೆ, ನೌಕೆ ಉಳಿಯುತ್ತದೆ. ಬರೆದು ಮುಗಿಸಿದಾಗ ನಾನೇ ಅತ್ತಿದ್ದೆ ಅನ್ನಿ.

ಬಿಸಿಯೂಟದ ತಟ್ಟೆಗಳನ್ನು ಸಾಲಾಗಿ ಕಟ್ಟಿ ನೌಕೆಯ ಗೋಡೆ ಮಾಡಿದ್ದೆವು. ನೀರಿಗೆ ಯಾರದೋ ತೋಟದಿಂದ ತಂದ ಕಪ್ಪು ಪೈಪು. ಮೂರು ದಿನ ಅಭ್ಯಾಸ ನೋಡಿದ ತಾತ, ನಾಲ್ಕನೆಯ ದಿನ ಎದ್ದು ಹತ್ತಿರ ಬಂದರು.

"ಮೇಡಮ್ಮಾರೇ, ಆ ನೀರಿನ ಕೀಲಿ ಯಾರ ತಾವ ಅದೆ?"

"ಕ್ಯಾಪ್ಟನ್ ಹತ್ರ ತಾತ. ಅವನೇ ಯಜಮಾನ."

"ಅವ್ನ ಮನೆ ಎಷ್ಟನೇ ಕೇರೀಲಿ?"

"ಒಂದನೇದು."

ತಾತ ನಕ್ಕರು. "ಅಂಗಾರೆ ನಿಮ್ಮ ಗಾಡಿ ಹೊಂಟ ದಿನ್ವೇ ಕೆಟ್ಟೋಗದೆ ಬುಡಿ."

ನನಗೆ ಉರಿದುಹೋಯಿತು. ಇದು ವಿಜ್ಞಾನ ತಾತ, ಗದ್ದೆಯಲ್ಲ ಅಂದೆ. "ಆಗ್ಲಿ ಕಣವ್ವ, ನೀರು ನೀರೇ ತಾನೆ?" ಅಂದವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಬೆರಳಿನಿಂದ ಒಂದು ಕಾಲುವೆ ಎಳೆದರು. "ನೀರು ಕಮ್ಮಿ ಬಿದ್ದ ವರ್ಷ ನಾನು ಕೊನೇ ಗದ್ದೆಗೆ ಮೊದ್ಲು ಬುಡ್ತೀನಿ. ಅದು ತುಂಬೋಗಂಟ ಮ್ಯಾಲ್ನೋರಿಗೆ ಇಲ್ಲ. ಆಗ ಮ್ಯಾಲ್ನೋರು ಸುಮ್ನೆ ಕೂತಾರಾ? ಕಾಲ್ವೆ ಉದ್ದಕ್ಕೂ ಅವ್ರೇ ಕಾಯ್ತಾರೆ, ಎಲ್ಲಿ ಸೋರ್ತದೋ ಅಲ್ಲಿ ಅವ್ರೇ ಮಣ್ಣಾಕ್ತಾರೆ. ಕೊನೇದು ಬ್ಯಾಗ ತುಂಬುದ್ರೆ ತಾನೆ ಅವ್ರ ಸರದಿ ಬರೋದು? ಮೊದ್ಲೋರಿಗೆ ಮೊದ್ಲು ಬುಟ್ರೆ, ತುಂಬ್ಸಿಕೊಂಡು ಮನೇಲಿ ಮಲಿಕತ್ತಾರೆ. ಕಾಲ್ವೆ ಒಡುದ್ರೂ ಕೇಳೋರಿಲ್ಲ. ನಂಗೆ ಒಂದು ಗೇಣು ಗದ್ದೆ ಇಲ್ಲ ಕಣವ್ವ. ಅದ್ಕೇ ತೂಬು ನನ್ ಕೈಗೆ ಕೊಟ್ಟವ್ರೆ."

ತಾತ ಎದ್ದು, ಗುದ್ದಲಿ ಹೆಗಲಿಗಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. "ಆ ಎಂಟನೇ ಕೇರೀಲಿ ಸಾಯೋ ಐಕ್ಳು ಆರೂ ನಮ್ಮ ಬೀದಿಯವೇ. ನೆನ್ನೆ ಉಣ್ಣೋವಾಗ ನಮ್ಮ ಕೂಸು ಕೇಳ್ತು, 'ನಾವೇನು ತಪ್ಪು ಮಾಡುದ್ವು ಅಂತ ನಮ್ಗೇ ನೀರು ನಿಲ್ಸುದ್ರು ತಾತ?' ಅಂತ. ನಂಗೆ ತೋಚ್ನಿಲ್ಲ. ಓದ್ದೋರು ನೀವು, ನಿಮ್ಗೆ ಗೊತ್ತಿದ್ರೆ ಯೋಳಿ."

ಪಾತ್ರ ಹಂಚಿದ್ದು ನಾನೇ. ಮುಂದಿನ ಬೆಂಚಿನಿಂದ ಶುರು ಮಾಡಿ ಕೊಡುತ್ತಾ ಹೋಗಿದ್ದೆ. ಹಿಂದಿನ ಬೆಂಚಿಗೆ ಬರುವಷ್ಟರಲ್ಲಿ ಎಂಟನೆಯ ಕೇರಿ ಮಾತ್ರ ಉಳಿದಿತ್ತು. ಹಿಂದಿನ ಬೆಂಚಿನಲ್ಲಿ ದಿನಾ ಯಾರು ಕೂರುತ್ತಾರೆ, ಯಾಕೆ ಅಲ್ಲೇ ಕೂರುತ್ತಾರೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಸಂಜೆ ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ ಯಾರ ಮುಖವನ್ನೂ ನೋಡದೆ ಕೂತಿದ್ದೆ. ಅಷ್ಟು ನಾಚಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಮಾರನೆಯ ದಿನ ಭಾನುವಾರ. ಎರಡು ತಿಂಗಳು ಬರೆದ ನಾಟಕವನ್ನು ಊಟದ ಹೊತ್ತಿಗೆ ಹರಿದು ಹಾಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೋಮವಾರ ಹೆಡ್‌ಮಾಸ್ಟರು ತಲೆ ಮೇಲೆ ಕೈ ಹೊತ್ತರು. "ಗುರುವಾರ ಸ್ಪರ್ಧೆ ಇಟ್ಕೊಂಡು ಈಗ ಬದಲಾಯಿಸ್ತೀರಾ? ಸೋತು ಬಂದ್ರೆ ನಾಟಕದ ಸಹವಾಸವೇ ಬೇಡ ಈ ಸ್ಕೂಲಿಗೆ." ನಾನು ಹೂಂ ಅಂದೆ. ಸೋಲುವುದು ನನಗೆ ಆಗ ಅಷ್ಟು ಮುಖ್ಯವಾಗಿ ಕಾಣಲಿಲ್ಲ. ಆ ಹುಡುಗಿಗೆ ಗುರುವಾರದೊಳಗೆ ಒಂದು ಉತ್ತರ ಕೊಡಬೇಕಿತ್ತು.

ಚೀಟಿ ಎತ್ತಿಸಿ ಕೇರಿಗಳನ್ನು ಹೊಸದಾಗಿ ಹಂಚಿದೆ. ಕೀಲಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ. ಅವಳ ಪಾತ್ರಕ್ಕೆ ಸ್ವಂತ ಕೇರಿ ಇಲ್ಲ, ದಿನಕ್ಕೊಂದು ಕೇರಿಯಲ್ಲಿ ಊಟ. ನೀರು ಸಾಲದಾದಾಗ ಅವಳು ಎಂಟನೆಯ ಕೇರಿಗೆ ಮೊದಲು ಬಿಡುತ್ತಾಳೆ. ಮುಂದಿನ ಕೇರಿಯವರು ಕೂಗಾಡುತ್ತಾರೆ, ಕೂಗಿ ಸಾಕಾಗಿ ಪೈಪಿನ ಉದ್ದಕ್ಕೂ ಹುಡುಕುತ್ತಾ ಹೊರಡುತ್ತಾರೆ. ಯಂತ್ರ ಸೋತದ್ದು ನಿಜ, ಆದರೆ ಅದಕ್ಕಿಂತ ಹೆಚ್ಚು ನೀರು ನೂರು ವರ್ಷದಿಂದ ಗೋಡೆಯ ಹಿಂದೆ ಸೋರಿಹೋಗುತ್ತಿತ್ತು. ಮುಂದಿನವರಿಗೆ ಯಾವತ್ತೂ ಕಮ್ಮಿಯಾಗದ್ದರಿಂದ ಯಾರೂ ಅತ್ತ ನೋಡಿರಲಿಲ್ಲ.

ಗುರುವಾರ ನಂಜನಗೂಡಿನಲ್ಲಿ ಸಭಾಂಗಣ ತುಂಬಿತ್ತು. ಮಕ್ಕಳನ್ನು ಕರೆತಂದಿದ್ದ ಅಪ್ಪ ಅಮ್ಮಂದಿರೂ ಇದ್ದರು. ಮೊಮ್ಮಗಳು ಕೀಲಿ ಹಿಡಿದು ವೇದಿಕೆಯ ನಡುವೆ ನಿಂತು, "ಕೊನೆ ಕೇರಿಗೆ ಮೊದಲು" ಅಂದಳು. ಕ್ಯಾಪ್ಟನ್ ಹುಡುಗನಿಗೆ ಅಲ್ಲಿಗೇ ಮಾತು ಮರೆತುಹೋಯಿತು. ಬೆವರುತ್ತಾ ನಿಂತವನು, ಬೇರೆ ದಾರಿ ಕಾಣದೆ ಸುಮ್ಮನೆ ಮಂಡಿಯೂರಿ ಪೈಪು ತಡಕತೊಡಗಿದ. ಆಗ ಹಿಂದಿನ ಸಾಲಿನಿಂದ ಯಾರೋ ಗಂಡಸು, "ಎಡಗಡೀಕೆ ನೋಡ್ಲಾ, ಅಲ್ ಸೋರ್ತಾ ಅದೆ" ಅಂದರು. ಇನ್ನೊಬ್ಬರು, "ಅಲ್ಲಲ್ಲ, ಗೋಡೆ ಹಿಂದ್ಕೆ ಕಣ್ಲಾ" ಅಂದರು. ನೋಡನೋಡುತ್ತಾ ಇಡೀ ಸಭಾಂಗಣ ನೌಕೆಯ ಸೋರಿಕೆ ಹುಡುಕುತ್ತಿತ್ತು. ಒಂದೊಂದು ತೂತು ಮುಚ್ಚಿದಾಗಲೂ ಚಪ್ಪಾಳೆ, ಸಿಳ್ಳೆ. ಕೊನೆಗೆ ಎಂಟೂ ಕೇರಿಯ ಮಕ್ಕಳು ಲೋಟ ಎತ್ತಿ ಹಿಡಿದಾಗ ಜನ ಎದ್ದು ನಿಂತಿದ್ದರು.

ತೀರ್ಪುಗಾರರಲ್ಲಿ ಒಬ್ಬರು ಹುಬ್ಬು ಗಂಟಿಕ್ಕಿ, ಇದರಲ್ಲಿ ವಿಜ್ಞಾನ ಎಲ್ಲಿದೆಯಮ್ಮ ಅಂತ ಕೇಳಿದರು. ಮೊಮ್ಮಗಳು ಹೆದರಲಿಲ್ಲ. "ಮುಂದಿನೋರಿಗೆ ಮೊದ್ಲು ಕೊಟ್ರೆ ಸೋರೋದು ಯಾರ್ಗೂ ಕಾಣಲ್ಲ ಸಾ. ಕಾಣ್ದೇ ಇರೋದು ಕಾಣೋ ಹಂಗೆ ಮಾಡೋದೇ ವಿಜ್ಞಾನ ಅಂತ ನಮ್ಮ ಮೇಡಂ ಪಾಠ ಮಾಡವ್ರೆ." ನಾನು ಅಂಥ ಪಾಠ ಯಾವತ್ತೂ ಮಾಡಿರಲಿಲ್ಲ. ಮೊದಲ ಬಹುಮಾನ ನಮಗೇ ಬಂತು.

ಟೆಂಪೋದಲ್ಲಿ ಕಿರುಚಿಕೊಂಡು ಊರಿಗೆ ಬಂದಾಗ ತಾತ ಕೆರೆ ಏರಿಯ ಮೇಲಿದ್ದರು. ಕೈ ತೊಳೆದುಕೊಂಡು ಬಂದು ಶೀಲ್ಡ್ ಮುಟ್ಟಿ ನೋಡಿದರು.

"ಗಾಡಿ ಊರು ಮುಟ್ತಾ?"

"ಇನ್ನೂ ನೂರು ವರ್ಷ ಬೇಕು ತಾತ."

"ಆಗ್ಲಿ. ನೀರದೆ ತಾನೆ, ಓಗ್ತದೆ."

ಮುಂದೆ ನನಗೆ ವರ್ಗವಾಯಿತು. ತಾತ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎರಡು ತಿಂಗಳ ಮೇಲೆ. ಅವರ ಮನೆಗೆ ಹೋದಾಗ ಬುದ್ಧನ ಪಟದ ಪಕ್ಕದಲ್ಲಿ ಅವರ ಫೋಟೋ ಇತ್ತು. ಎಂಟೂ ದಿಕ್ಕಿನ ಗದ್ದೆಯವರು ಮಣ್ಣಿಗೆ ಬಂದಿದ್ದರಂತೆ... ಅವರ ಜಾಗಕ್ಕೆ ಇನ್ನೊಬ್ಬ ನೀರುಗಂಟಿ ಬರಲೇ ಇಲ್ಲ.

ಹೋದ ತಿಂಗಳು ನಾನು ಹೊರಟಿದ್ದದ್ದು ಮೂಗೂರಿನ ಕಡೆಯ ಒಂದು ಹೈಸ್ಕೂಲಿಗೆ. ಆ ಮೊಮ್ಮಗಳು ಈಗ ಅಲ್ಲಿ ಮೇಡಂ. ನಮ್ಮ ನಾಟಕದ ಮುಂದಿನ ಭಾಗವನ್ನು ಅವಳೇ ಬರೆದು ಮಕ್ಕಳಿಂದ ಆಡಿಸಿದ್ದಳು. ನೌಕೆ ಕೊನೆಗೂ ಇಳಿಯುತ್ತದೆ. ಬಾಗಿಲು ತೆರೆದು, ಮಣ್ಣನ್ನೇ ಕಾಣದ ಮಕ್ಕಳು ಮೊದಲ ಸಲ ಮಣ್ಣಿಗೆ ಕಾಲಿಟ್ಟು ಕುಣಿದಾಗ ಇಡೀ ಅಂಗಳವೇ ಕೂಗಿತು. ನಾನೂ ಕೂಗಿದೆ, ವಯಸ್ಸು ಮರೆತು.

ಆಟ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು, ಇಷ್ಟು ವರ್ಷ ಬಾಯಿಬಿಡದ ಮಾತು ಹೇಳಿದೆ. ಆ ಎಂಟನೇ ಕೇರಿಗೆ ನಿಮ್ಮನ್ನೇ ಹಾಕಿದ್ದೆನಲ್ಲ, ನೀವೆಲ್ಲ ಒಂದೇ ಬೀದಿಯವರೆಂಬುದು ನಿನಗೆ ಆಗ ಹೊಳೆದಿರಲಿಲ್ಲ ಅಂದುಕೊಂಡಿದ್ದೆ, ತಪ್ಪಾಯಿತು ಮಗಳೇ ಅಂದೆ.

ಅವಳು ನಕ್ಕಳು. "ಆರು ಜನಾನೂ ಒಂದೇ ಬೀದಿಯೋರು ಅಂತ ನಮಗೆ ಗೊತ್ತಾಗಲ್ವಾ ಮೇಡಂ? ನಾನು ನಾಳೆಯಿಂದ ಹೋಗಲ್ಲ ಅಂತ ಹಟ ಹಿಡಿದಿದ್ದೆ. ತಾತನೇ ಬಿಡಲಿಲ್ಲ. 'ಆ ತಾಯಿ ಗೊತ್ತಿಲ್ದೆ ಬರ್ದವ್ಳೆ, ಯೋಳುದ್ರೆ ತಿದ್ಕತಾಳೆ. ಯೋಳ್ದೇ ಬುಟ್ರೆ ಆಮೇಲೆ ತಪ್ಪು ನಮ್ದು' ಅಂತು."

ಅಷ್ಟು ನಂಬಿ ನನಗೆ ಬುದ್ಧಿ ಹೇಳಿದ ಮನುಷ್ಯನಿಗೆ ನಾನು ಒಂದು ಒಳ್ಳೆಯ ಮಾತೂ ಆಡಲಿಲ್ಲ. ಈಗ ಆಡೋಣವೆಂದರೆ ಅವರಿಲ್ಲ... ಅಷ್ಟರಲ್ಲಿ ಮಕ್ಕಳು ಬಂದು ನಮ್ಮಿಬ್ಬರ ಕೈ ಹಿಡಿದು ವೇದಿಕೆಗೆ ಎಳೆದರು. ನೌಕೆಯಿಂದ ಇಳಿದವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದರು.