ಕಾಲೇಜಿನ ಫೀಸು ಕೇಳಿದ ಶುಕ್ರವಾರ

ನಾನು ಹನ್ನೆರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆ ಬಹರೈನಿನ ಉಮ್ ಅಲ್ ಹಸ್ಸಮ್‌ನಲ್ಲಿ, ಒಂದು ಕೋಲ್ಡ್ ಸ್ಟೋರಿನ, ಅಂದರೆ ದಿನಸಿ ಅಂಗಡಿಯ ಮೇಲಿತ್ತು. ಎಂಬತ್ತರ ದಶಕದ ಆರಂಭ. ರಾಜಧಾನಿ ಮನಾಮದಲ್ಲಿ ಹೊಸ ಕಟ್ಟಡಗಳು ಏಳುತ್ತಲೇ ಇದ್ದವು. ಅಪ್ಪ ಏಸಿ ಮೆಕ್ಯಾನಿಕ್, ಕೆಲಸಕ್ಕೆ ಕೊರತೆಯಿರಲಿಲ್ಲ, ನಿದ್ದೆಗೆ ಮಾತ್ರ ಇತ್ತು. ಅಮ್ಮ ಅಕ್ಕಪಕ್ಕದ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಕೆಳಗಿನ ಅಂಗಡಿಯಲ್ಲಿ ಹಿಂದಿ, ಕನ್ನಡಿಗರ ಸಂಘದ ಕಾರ್ಯಕ್ರಮಗಳಲ್ಲಿ ಕನ್ನಡ ಮಾತಾಡಿಕೊಂಡು ನಾನು ಬೆಳೆದೆ.

ನನಗೆ ಕೆಮಿಸ್ಟ್ರಿಯ ಹುಚ್ಚು. ಲ್ಯಾಬಿನಲ್ಲಿ ಬ್ಯೂರೆಟ್ಟಿನ ಕೊನೆಯ ಹನಿಗೆ ಬಣ್ಣವಿಲ್ಲದ ದ್ರಾವಣ ತಟಕ್ಕನೆ ಗುಲಾಬಿಯಾಗುವುದನ್ನು ನೋಡಿದರೆ ಇಡೀ ದಿನ ಖುಷಿಯಿರುತ್ತಿತ್ತು. ಇನ್ನೂ ಓದಬೇಕೆಂಬ ಆಸೆಯೂ ಇತ್ತು. ಆದರೆ ಆ ಆಸೆಯನ್ನು ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ.

ಕಾರಣ, ನಮ್ಮ ಶಾಲೆಯ ಬಸ್ಸು. ಕಾಲೇಜಿನ ಬಗ್ಗೆ ನಮಗಿದ್ದ ಜ್ಞಾನವೆಲ್ಲ ಆ ಬಸ್ಸಿನ ಹಿಂದಿನ ಸೀಟುಗಳಲ್ಲಿ ಹುಟ್ಟಿದ್ದು. ಯಾರದೋ ದೊಡ್ಡಪ್ಪನ ಮಗ ಡೊನೇಶನ್ ಕೊಟ್ಟು ಮೆಡಿಕಲ್ ಸೀಟು ತೆಗೆದುಕೊಂಡಿದ್ದನಂತೆ. ಆ ಮೊತ್ತ ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಬರುವಾಗ ಬೆಳೆಯುತ್ತಿತ್ತು. ಎಲ್ಲ ಕಾಲೇಜುಗಳೂ ಹಾಗೆಯೇ ಎಂದು ನಾವು ನಂಬಿಬಿಟ್ಟೆವು. ಅವಾಲಿಯಲ್ಲಿ ತೈಲ ಕಂಪನಿಯ ಮನೆ, ಕಾರು ಇರುವವರ ಮಕ್ಕಳು ಕಾಲೇಜಿಗೆ. ನಮ್ಮಂಥವರು ಟೈಪಿಂಗ್ ಕಲಿತು ಡಿಪ್ಲೊಮ್ಯಾಟಿಕ್ ಏರಿಯಾದ ಯಾವುದಾದರೂ ಬ್ಯಾಂಕಿಗೆ.

ನಮ್ಮ ಎದುರು ಮನೆಯಲ್ಲಿ ನನ್ನದೇ ಕ್ಲಾಸಿನ ಗೆಳತಿಯೊಬ್ಬಳಿದ್ದಳು. ಅವಳ ಅಪ್ಪ ಬೇಕರಿಯಲ್ಲಿ ಕೆಲಸಕ್ಕಿದ್ದರು. "ಸ್ಕಾಲರ್‌ಶಿಪ್ ಅಂತ ಉಂಟಲ್ಲ?" ಎಂದು ನಾನೊಮ್ಮೆ ಕೇಳಿದೆ.

"ಅದು ರ‍್ಯಾಂಕ್ ಬಂದವರಿಗೆ ಮಾರಾಯ್ತಿ. ಇಲ್ಲದಿದ್ದರೆ ಊಟಕ್ಕೂ ಗತಿಯಿಲ್ಲದವರಿಗೆ. ನಾವು ಎರಡೂ ಅಲ್ಲ," ಎಂದಳು ಅವಳು.

ನನಗೂ ಅದು ಸರಿಯೆನಿಸಿತು. ಇಬ್ಬರೂ ಟೈಪಿಂಗ್ ಕ್ಲಾಸಿಗೆ ಸೇರುವುದೆಂದು ನಿರ್ಧರಿಸಿದೆವು.

ಹಾಗಿರುವಾಗ ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಸಂಘದವರು ದೊಡ್ಡ ಮಕ್ಕಳನ್ನೆಲ್ಲ ಅಪ್ಪ ಅಮ್ಮನ ಜೊತೆ ಚಹಾಕ್ಕೆ ಕರೆದರು. ಮಾತಾಡಲು ನಿಂತವರು ಬ್ಯಾಂಕಿನಲ್ಲಿ ಆಫೀಸರಾಗಿದ್ದ ಒಬ್ಬ ಆಂಟಿ. ಗಟ್ಟಿ ದನಿ, ಗಟ್ಟಿ ನಗು. ಅವರ ಮುಂದೆ ಸುಮ್ಮನೆ ಕೂರುವುದು ಯಾರಿಗೂ ಸಾಧ್ಯವಿರಲಿಲ್ಲ.

"ಮಂಗಳೂರಿನಲ್ಲಿ ಸರಕಾರಿ ಕಾಲೇಜಿನಲ್ಲಿ ಒಂದು ವರ್ಷ ಬಿ.ಎಸ್ಸಿ. ಓದಲಿಕ್ಕೆ ಫೀಸು ಎಷ್ಟು? ಒಬ್ಬೊಬ್ಬರೇ ಹೇಳಿ ನೋಡುವ," ಎಂದರು.

ಒಬ್ಬ ಹುಡುಗ ಕಾರಿನ ಬೆಲೆ ಹೇಳಿದ. ಇನ್ನೊಬ್ಬ ಎರಡು ಕಾರಿನದು. ನನ್ನ ಗೆಳತಿ ಹೇಳಿದ ಮೊತ್ತಕ್ಕೆ ಅವಳ ಅಮ್ಮನೇ "ಅಯ್ಯೋ ದೇವರೇ" ಎಂದು ಎದೆಗೆ ಕೈಯಿಟ್ಟುಕೊಂಡರು. ನಾನು, ಸ್ವಲ್ಪ ಜಾಣತನ ತೋರಿಸಲೆಂದು, "ಅಪ್ಪನ ಒಂದು ವರ್ಷದ ಸಂಬಳ" ಎಂದೆ. ಪಕ್ಕದಲ್ಲಿದ್ದ ಅಪ್ಪ ತಿರುಗಿ ನನ್ನ ಮುಖ ನೋಡಿದರು.

ಆಂಟಿ ನಗುತ್ತಾ ನಗುತ್ತಾ ಕುರ್ಚಿ ಹಿಡಿದುಕೊಂಡರು. "ನಿಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಉಂಟಲ್ಲ? ಅದನ್ನು ಕೊಂಡ ದುಡ್ಡಿನಲ್ಲಿ ಫೀಸು ಕಟ್ಟಿ, ಉಳಿದದ್ದರಲ್ಲಿ ಐಸ್‌ಕ್ರೀಮ್ ತಿನ್ನಬಹುದು. ನನ್ನ ತಮ್ಮ ಅಲ್ಲಿಯೇ ಮೇಷ್ಟ್ರು. ಕೇಳಿಕೊಂಡೇ ಬಂದಿದ್ದೇನೆ."

ಅಲ್ಲಿದ್ದವರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ನನ್ನ ಗೆಳತಿ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ಅಲ್ಲಿ ನೀಲಿಗಟ್ಟಿತು.

ಫೀಸಿಗಿಂತ ಹಾಸ್ಟೆಲು, ಪುಸ್ತಕ, ವಿಮಾನದ ಟಿಕೆಟ್ಟೇ ಹೆಚ್ಚು ಎಂದೂ ಆಂಟಿ ಬಿಡಿಸಿ ಹೇಳಿದರು. ಅದಕ್ಕಾಗಿ ಸಂಘ ಒಂದು ವಿದ್ಯಾರ್ಥಿ ನಿಧಿ ಶುರು ಮಾಡುತ್ತದೆ, ಹಣ ಕೂಡಿಸಲು ಒಂದು ತಿಂಡಿ ಮೇಳ ಮಾಡೋಣ ಎಂದರು.

ಅಪ್ಪನ ವ್ಯಾನಿನಲ್ಲಿ ಮನೆಗೆ ಬರುವಾಗ ಅಪ್ಪ ಕೇಳಿದರು, "ನಿನಗೆ ಓದಲಿಕ್ಕೆ ಆಸೆ ಉಂಟಾ ಮಗಾ?"

"ಉಂಟು."

"ಮತ್ತೆ ಟೈಪಿಂಗ್ ಅಂತ ಹೇಳ್ತಾ ಇದ್ದದ್ದು ಎಂತಕ್ಕೆ?"

"ನಿಮ್ಮ ಒಂದು ವರ್ಷದ ಸಂಬಳ ಬೇಕಾಗ್ತದೆ ಅಂತ ತಿಳಿದಿದ್ದೆ."

ಹಿಂದೆ ಕೂತಿದ್ದ ಅಮ್ಮ ಪಕಪಕನೆ ನಕ್ಕಳು. "ನಾನೂ ಅದನ್ನೇ ತಿಳಿದಿದ್ದೆ. ಅದಕ್ಕೇ ಇವಳ ಹತ್ತಿರ ಕೇಳಲಿಲ್ಲ!" ಅಪ್ಪನೂ ನಕ್ಕರು. ಆದರೆ ನಿಧಿಯ ಮಾತು ತೆಗೆದಾಗ ಅವರ ಮುಖ ಬಿಗಿಯಾಯಿತು. "ಟಿಕೆಟ್ಟು, ಹಾಸ್ಟೆಲು ಹೇಗಾದರೂ ನೋಡ್ತೇನೆ. ನಾನು ದುಡಿಯುವಾಗ ಊರವರ ಹಣ ನಮಗೆ ಬೇಡ."

ಅದು ಹೇಗೋ ಆಂಟಿಯ ಕಿವಿಗೆ ಬಿತ್ತು. ಎರಡು ದಿನ ಬಿಟ್ಟು ಅವರು ನಮ್ಮ ಮನೆಗೇ ಬಂದರು.

"ಅಣ್ಣಾ, ನನ್ನನ್ನು ಬಿ.ಕಾಂ. ಓದಿಸಿದ್ದು ನಮ್ಮ ಊರಿನ ಒಂದು ಟ್ರಸ್ಟ್," ಎಂದರು ನೇರವಾಗಿ. "ನನ್ನ ಅಪ್ಪನ ಕೈಯಲ್ಲಿ ಆಗುವುದಿಲ್ಲ ಅಂತ ಕೊಟ್ಟದ್ದಲ್ಲ. ಈ ಹುಡುಗಿ ಓದ್ತಾಳೆ ಅಂತ ಕೊಟ್ಟದ್ದು. ಈಗ ನಾನು ಕೊಡುವ ಸರದಿ. ನಾಳೆ ಇವಳದು."

ಅಪ್ಪ ಚಹಾದ ಲೋಟ ಕೆಳಗಿಟ್ಟರು. "ಹಾಗಾದರೆ ಮೇಳಕ್ಕೆ ನಾನೂ ಬರ್ತೇನೆ. ಗೋಳಿಬಜೆ ಕರಿಯುವ ಕೆಲಸ ನನಗೆ ಬಿಡಿ," ಎಂದರು.

ಅಮ್ಮನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಮದುವೆಯಾದಾಗಿನಿಂದ ಅಪ್ಪ ಒಂದು ಮೊಟ್ಟೆ ಬೇಯಿಸಿದ್ದನ್ನೂ ಅವಳು ಕಂಡಿರಲಿಲ್ಲ. ಮದುವೆಗೆ ಮೊದಲು ಮುಂಬೈಯ ಉಡುಪಿ ಹೋಟೆಲೊಂದರಲ್ಲಿ ಅವರು ಬಾಣಲೆಯ ಮುಂದೆ ನಿಂತಿದ್ದರೆಂಬುದು ಅವಳಿಗೂ ಅವತ್ತೇ ಗೊತ್ತಾದದ್ದು. "ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ!" ಎಂದು ಅವಳು ಜಗಳಕ್ಕೇ ನಿಂತಳು.

ತಿಂಡಿ ಮೇಳದ ಶುಕ್ರವಾರ ಹವೆ ತಂಪಾಗಿತ್ತು. ಶಾಲೆಯ ಅಂಗಳದಲ್ಲಿ ಮೇಜು ಹಾಕಿದ್ದರು. ಅಮ್ಮ ಮತ್ತು ಗೆಳತಿಯ ಅಮ್ಮ ನೀರುದೋಸೆ ಹೊಯ್ದರು. ನಾನು, ಗೆಳತಿ ಬಡಿಸಿದೆವು. ಅಪ್ಪ ಬನಿಯನ್ನಿನ ಮೇಲೆ ಅಮ್ಮನ ಹೂವಿನ ಏಪ್ರನ್ ಕಟ್ಟಿಕೊಂಡು ಹಿಟ್ಟನ್ನು ಬೆರಳುಗಳಿಂದ ಜಾರಿಸುತ್ತಿದ್ದರು. ಗೋಳಿಬಜೆ ದುಂಡಗೆ ಉಬ್ಬಿ ತಾವಾಗಿಯೇ ಮಗುಚಿಕೊಳ್ಳುತ್ತಿದ್ದವು. ಅವರ ಮುಂದಿನ ಸಾಲು ಗೇಟಿನವರೆಗೆ ಹೋಯಿತು. ನಮ್ಮ ಮನೆಯ ಮಾಲೀಕರಾದ ಅರಬ್ ಅಜ್ಜ ಮೊಮ್ಮಕ್ಕಳ ದಂಡಿನೊಂದಿಗೆ ಬಂದು, ಒಂದನ್ನು ಕಚ್ಚಿ, ಬಿಸಿಗೆ ಬಾಯಿ ತೆರೆದು ಉಸಿರು ಬಿಡುತ್ತಲೇ "ವಾಯಿದ್ ಝೈನ್! ಬಹುತ್ ಅಚ್ಛಾ!" ಎಂದು ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ ಕೂಗಿದರು. ಪೂರ್ತಿ ಒಂದು ಬುಟ್ಟಿ ಕಟ್ಟಿಸಿಕೊಂಡು ಹೋದರು. ಸಂಜೆಯ ಹೊತ್ತಿಗೆ ಹಿಟ್ಟು ಖಾಲಿ. ಅಪ್ಪನ ಮುಖ ಕೆಂಪಗೆ, ಹಣೆಯ ಮೇಲೆ ಮೈದಾ. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಅದುವರೆಗೆ ನೋಡಿರಲಿಲ್ಲ.

ನಿಧಿಗೆ ಅರ್ಜಿ ಹಾಕಿದವರಿಗೆ ಇಂಟರ್‌ವ್ಯೂ ಇತ್ತು. ಸಂಘದ ಹಿರಿಯರೊಬ್ಬರು ಕನ್ನಡಕದ ಮೇಲಿನಿಂದ ನೋಡುತ್ತಾ ಕೇಳಿದರು: "ನಾಳೆ ಮದುವೆಯಾಗಿ ಹೋದರೆ ಈ ಕೆಮಿಸ್ಟ್ರಿ ಎಂತ ಮಾಡ್ತೀ?"

"ಗಂಡನಿಗೂ ಕಲಿಸ್ತೇನೆ ಅಂಕಲ್," ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಆಂಟಿ ಮೇಜು ಬಡಿದು ನಕ್ಕರು. ಆ ಹಿರಿಯರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನನಗೂ ಗೆಳತಿಗೂ ಇಬ್ಬರಿಗೂ ಸಹಾಯ ಸಿಕ್ಕಿತು. ಜೂನ್ ತಿಂಗಳಲ್ಲಿ ನಾವು ಒಂದೇ ವಿಮಾನ ಹತ್ತಿದೆವು, ಮಂಗಳೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆ ಹಿಡಿದೆವು. ಓದು ಮುಗಿಸಿ ನಾನು ಬಹರೈನಿಗೇ ಮರಳಿ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸಿದೆ. ಮೊದಲ ಸಂಬಳದಿಂದಲೇ ನಿಧಿಗೆ ನನ್ನ ಪಾಲು ಹಾಕತೊಡಗಿದೆ.

ಆದರೆ ಆ ವರ್ಷಗಳಲ್ಲಿ ನನಗೆ ಹೆಚ್ಚು ನೆನಪಾಗುವುದು ಮೊದಲ ರಜೆಗೆ ಬಂದ ದಿನ. ಮುಹರ್ರಕ್‌ನ ವಿಮಾನ ನಿಲ್ದಾಣದಿಂದ ಅಪ್ಪ ವ್ಯಾನಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಸೇತುವೆಯ ರಸ್ತೆ, ಎರಡೂ ಕಡೆ ಸಮುದ್ರ, ಕಿಟಕಿ ತೆರೆದಿತ್ತು.

"ಈಗ ಹೇಳು," ಎಂದರು. "ಈ ಏಸಿಯ ಗ್ಯಾಸು ತಂಪು ಮಾಡುವುದು ಹೇಗೆ? ದಿನಾ ತುಂಬಿಸ್ತೇನೆ. ನೀನು ಕಲಿತ ಹಾಗೆ ಹೇಳು, ಕೇಳುವ."

ನಾನು ಹೇಳುತ್ತಾ ಹೋದೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದನ್ನು ಕೈಯಲ್ಲಿ ಚಿತ್ರ ಬಿಡಿಸಿ ತೋರಿಸಿದೆ. ಅಪ್ಪ ತಲೆ ಅಲ್ಲಾಡಿಸುತ್ತಾ, ನಡುನಡುವೆ "ಹೌದಾ?" ಎನ್ನುತ್ತಾ, ಸಿಗ್ನಲಿನಲ್ಲಿ ನನ್ನ ಕಡೆಗೇ ತಿರುಗಿ ಕೂತರು. ಹಸಿರು ದೀಪ ಬಂತು. ಹಿಂದಿನ ಕಾರಿನವರು ಹಾರ್ನ್ ಹೊಡೆದರು.

"ಹೊಡೀಲಿ," ಎಂದರು ಅಪ್ಪ. "ನೀನು ಪೂರ್ತಿ ಮಾಡು."